ಪಾಲು ಹಾಲಾದ ಊರಿನ ತಂಗಿಗೆ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೀನು ಕಾರಟಗಿಯವಳು. ಗಂಗಾವತಿಯಲ್ಲಿ ಬಿ.ಎ. ಮುಗಿಸಿ ಈಗ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿರುವೆ. ಜರ್ಮನಿಗೆ ಬಂದು ಇಂಗ್ಲಿಷ್ ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಆಸೆ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಅಲ್ಲಿ ಉಳಿದಾಳೇ ಎಂಬುದು ನಿನ್ನ ಭಯ. ಇಂಗ್ಲಿಷ್ ಓದಲು ಜರ್ಮನಿ ಯಾಕೆ ಎಂಬುದು ನಿನ್ನ ಅಪ್ಪನ ಪ್ರಶ್ನೆ. ಖರ್ಚು ಎಷ್ಟು, ಓದಿದ ಮೇಲೆ ಕೆಲಸ ಸಿಗುತ್ತದೆಯೇ ಎಂಬುದು ಇಬ್ಬರದೂ. ನಾನು ಸಿಂಧನೂರಿನವಳು. ಇದೇ ವಿಷಯ ಓದಲು 2008ರಲ್ಲಿ ಬಂದು, ಓದು ಮುಗಿಸಿ ಇಲ್ಲೇ ನೆಲೆ ನಿಂತಿದ್ದೇನೆ. ಗೊತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲು ನಿನ್ನ ಭಯದ ಮಾತು. ನಿನ್ನ ಪತ್ರದಲ್ಲಿ ‘ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ’ ಎಂಬ ವಾಕ್ಯ ಮೂರು ಕಡೆ ಇದೆ. ಚೆಂದವಾಗಿ ಇಂಗ್ಲಿಷ್ ಮಾತನಾಡುವುದನ್ನು ಕಲಿಸಲು ಈ ಪದವಿ ಇಲ್ಲ. ಒಂದು ಭಾಷೆ ಹೇಗೆ ಕಟ್ಟಿಕೊಂಡಿದೆ, ಏಕೆ ಬದಲಾಯಿತು, ಯಾರ ಬಾಯಲ್ಲಿ ಹೇಗೆ ತಿರುಗಿತು ಎಂಬುದನ್ನು ಬಿಡಿಸಿ ನೋಡುವ ಕೆಲಸ ಇದು. ಹಾಗೆ ನೋಡುವ ಕಣ್ಣು ನಮ್ಮ ಕಡೆಯವರಿಗೆ ಮನೆಯಿಂದಲೇ ಬಂದಿರುತ್ತದೆ. ಅದು ಇದೆ ಎಂದು ನಮಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ.

ನನ್ನ ಅಪ್ಪ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಗಿರಣಿಯ ಹಿಂದಿನ ಸಾಲುಮನೆಗಳಲ್ಲಿ ನಾವು ಇದ್ದೆವು. ಎಡಗಡೆಯ ಮನೆಯವರು ತೆಲುಗಿನವರು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭೂಮಿ ಹಿಡಿದು ಕ್ಯಾಂಪ್ ಕಟ್ಟಿಕೊಂಡವರ ಪೈಕಿ. ಬಲಗಡೆಯ ಮನೆಯಲ್ಲಿ ಉರ್ದು. ಗಿರಣಿಗೆ ಚೀಲ ಹೊರಲು ಬರುತ್ತಿದ್ದವರಲ್ಲಿ ಲಂಬಾಣಿ ಮಾತನಾಡುವವರಿದ್ದರು. ಊರಿನ ಆಚೆ ನಿರಾಶ್ರಿತರ ಆರ್.ಎಚ್. ಕ್ಯಾಂಪ್‌ಗಳಲ್ಲಿ ಬಂಗಾಳಿ. ಬೆಳಿಗ್ಗೆ ಎಡಗಡೆಯ ಮನೆಯ ಅಮ್ಮ ‘ಪಾಲು’ ಎಂದು ಕೂಗಿದರೆ ನನ್ನ ಅವ್ವ ‘ಹಾಲು’ ಎಂದು ಉತ್ತರ ಕೊಡುತ್ತಿದ್ದಳು. ಅವರ ಹುಲಿ ‘ಪುಲಿ’, ಅವರ ಹೂವು ‘ಪೂವು’. ಹತ್ತಕ್ಕೆ ಅವರು ‘ಪದಿ’ ಎನ್ನುತ್ತಿದ್ದರು. ಆಟದಲ್ಲಿ ಎಣಿಸುವಾಗ ನಾವು ಎರಡೂ ಭಾಷೆಯಲ್ಲಿ ಎಣಿಸುತ್ತಿದ್ದೆವು. ಅದು ವಿದ್ಯೆ ಎಂದು ಯಾರಿಗೆ ಹೊಳೆದೀತು?

ಇಲ್ಲಿಗೆ ಬಂದ ಮೊದಲ ತಿಂಗಳು, ಇಂಗ್ಲಿಷ್ ಭಾಷೆಯ ಇತಿಹಾಸದ ತರಗತಿ. ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ ಧ್ವನಿ ನಿಯಮದ ಪಾಠ. ಸಂಸ್ಕೃತ, ಲ್ಯಾಟಿನ್‌ಗಳಲ್ಲಿ ‘ಪ’ ಇರುವಲ್ಲಿ ಇಂಗ್ಲಿಷ್ ಮತ್ತು ಅದರ ಸೋದರ ಭಾಷೆಗಳಲ್ಲಿ ಫಾದರ್ ಎಂಬುದರ ಮೊದಲ ಧ್ವನಿ ಬರುತ್ತದೆ. ‘ದ’ ಇರುವಲ್ಲಿ ಟ್ ಬರುತ್ತದೆ. ಪಿತೃ, ಫಾದರ್. ಪಾದ, ಫುಟ್. ದಂತ, ಟೂತ್. ದಶ, ಟೆನ್. ಸಂಸ್ಕೃತದಿಂದ ಇಂಗ್ಲಿಷ್ ಹುಟ್ಟಿತು ಎಂದು ಇದರ ಅರ್ಥವಲ್ಲ. ಎರಡೂ ಒಂದೇ ಹಳೆಯ ತಾಯಿಯ ಮಕ್ಕಳು. ಜರ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಟೆನ್ ಎನ್ನುವುದನ್ನು ‘ತ್ಸೇನ್’ ಮಾಡಿಕೊಂಡಿದೆ. ಇಷ್ಟು ಹೇಳಿ ಅಧ್ಯಾಪಕರು, ನಿಮ್ಮ ಭಾಷೆಗಳಲ್ಲಿ ಇಂಥದ್ದು ನಡೆದದ್ದು ಯಾರಿಗಾದರೂ ಗೊತ್ತೇ ಎಂದು ಕೇಳಿದರು. ತರಗತಿ ಸುಮ್ಮನಿತ್ತು. ನನ್ನ ಕಿವಿಯಲ್ಲಿ ಎಡಗಡೆಯ ಮನೆಯ ಅಮ್ಮನ ಕೂಗು ಕೇಳಿಸಿತು. ಕೈ ಎತ್ತಿ ಪಾಲು–ಹಾಲು, ಪುಲಿ–ಹುಲಿ ಎಂದೆ. ಹಳಗನ್ನಡದಲ್ಲೂ ಪಾಲ್, ಪುಲಿ, ಪೆಸರ್ ಎಂದೇ ಇತ್ತು, ನಡುಗನ್ನಡದ ಹೊತ್ತಿಗೆ ಹಕಾರ ಬಂತು ಎಂದು ಪಿ.ಯು.ಸಿ.ಯ ಕನ್ನಡ ಪಾಠದಿಂದ ನೆನಪಿಟ್ಟಿದ್ದನ್ನು ಸೇರಿಸಿದೆ.

ಅವರು ಹೊಗಳಲಿಲ್ಲ. ‘ಎಲ್ಲ ಪಕಾರವೂ ಹಕಾರವಾಯಿತೇ? ಆಗದೆ ಉಳಿದದ್ದು ಯಾವುದು?’ ಎಂದು ಮರುಪ್ರಶ್ನೆ ಹಾಕಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ, ತುಪ್ಪ, ಕಪ್ಪು, ಉಪ್ಪು. ಜೋಡಿ ಪಕಾರ ಮಾತ್ರ ಅಲುಗಿಲ್ಲ! ಪುಸ್ತಕ, ಪತ್ರ, ಪಾಪ ಇವು ಸಂಸ್ಕೃತದಿಂದ ಬಂದು ತಮ್ಮ ಪಕಾರವನ್ನು ಉಳಿಸಿಕೊಂಡಿವೆ. ಮರುವಾರ ಇದನ್ನು ಹೇಳಿದಾಗ ಅವರು ಗ್ರಿಮ್ ನಿಯಮಕ್ಕೂ ಇಂಥ ವಿನಾಯಿತಿ ಇರುವುದನ್ನು ತೋರಿಸಿದರು: ಸಕಾರದ ಬೆನ್ನಿಗೆ ಬಂದ ತಕಾರ ಬದಲಾಗುವುದಿಲ್ಲ, ಅದಕ್ಕೇ ‘ಸ್ಥಾ’ ಧಾತುವಿನ ನೆಂಟನಾದ ಸ್ಟ್ಯಾಂಡ್ ಎಂಬ ಪದದಲ್ಲಿ ಅದು ಹಾಗೇ ಉಳಿದಿದೆ. ಧ್ವನಿ ಎಲ್ಲಿ ಬೇಕಾದರಲ್ಲಿ ಬದಲಾಗುವುದಿಲ್ಲ, ಅಕ್ಕಪಕ್ಕ ಯಾರಿದ್ದಾರೆ ಎಂದು ನೋಡಿ ಬದಲಾಗುತ್ತದೆ ಎಂಬುದು ಆ ದಿನ ನನ್ನ ತಲೆಗೆ ಹೋದದ್ದು ಇಂದಿಗೂ ಅಳಿದಿಲ್ಲ. ನಿನ್ನ ಕಾರಟಗಿಯಲ್ಲೂ ಅದೇ ಗಿರಣಿಗಳು, ಅದೇ ಕ್ಯಾಂಪ್‌ಗಳು. ನಿನ್ನ ಬಳಿ ಇಲ್ಲದ್ದು ಯಾವುದು ಹೇಳು?

ನಮ್ಮ ವರ್ಣಮಾಲೆಯ ವಿಷಯವನ್ನೂ ಹೇಳಲೇಬೇಕು. ಧ್ವನಿವಿಜ್ಞಾನದ ಮೊದಲ ಪಾಠದಲ್ಲಿ ಅಂತಾರಾಷ್ಟ್ರೀಯ ಧ್ವನಿ ಲಿಪಿಯ ಕೋಷ್ಟಕವನ್ನು ಕೈಗೆ ಕೊಡುತ್ತಾರೆ. ಆ ಲಿಪಿಯ ಮೊದಲ ರೂಪ ಬಂದದ್ದು 1888ರಲ್ಲಿ. ಕೋಷ್ಟಕದಲ್ಲಿ ಧ್ವನಿ ಹುಟ್ಟುವ ಜಾಗಕ್ಕೆ ತಕ್ಕ ಹಾಗೆ ಕಂಬಸಾಲುಗಳು. ಅದನ್ನು ನೋಡಿದ ಕೂಡಲೇ ಕ ವರ್ಗ, ಚ ವರ್ಗ, ಟ ವರ್ಗ ಎಂದು ನಾನು ಒಂದನೆಯ ತರಗತಿಯಲ್ಲಿ ಕೂಗಿ ಕಲಿತದ್ದೇ ಎದುರಿಗೆ ಬಂದು ನಿಂತಿತು. ಪಿನ್ ಎನ್ನುವಾಗ ಇಂಗ್ಲಿಷರ ಬಾಯಿಂದ ಉಸಿರು ಚಿಮ್ಮುತ್ತದೆ, ಸ್ಪಿನ್ ಎನ್ನುವಾಗ ಚಿಮ್ಮುವುದಿಲ್ಲ. ಈ ಭೇದವನ್ನು ತಿಳಿಯಲು ಇಲ್ಲಿನ ಸಹಪಾಠಿಗಳು ಬಾಯೆದುರು ಕಾಗದದ ಚೂರು ಹಿಡಿದುಕೊಳ್ಳುತ್ತಿದ್ದರು. ನಮಗೆ ಅಲ್ಪಪ್ರಾಣ, ಮಹಾಪ್ರಾಣ ಎಂಬ ಹೆಸರುಗಳೇ ಇವೆ. ಇಂಗ್ಲಿಷ್‌ನ ಟಿ ಧ್ವನಿ ನಮ್ಮ ತಕಾರವೂ ಅಲ್ಲ, ಟಕಾರವೂ ಅಲ್ಲ, ನಡುವಿನ ಜಾಗದ್ದು. ನಮ್ಮ ಕಿವಿ ಅದನ್ನು ಟಕಾರದ ಮನೆಗೆ ಕಳುಹಿಸಿತು, ಆದ್ದರಿಂದ ನಾವು ‘ಟಿಕೆಟ್’ ಎಂದು ಬರೆಯುತ್ತೇವೆ; ನಾಲಿಗೆ ಹಲ್ಲಿಗೆ ತಾಗುವ ಅವರ ಇನ್ನೊಂದು ಧ್ವನಿಯನ್ನು ‘ಥಿಂಕ್’ ಎಂದು ತಕಾರದ ಮನೆಗೆ ಕಳುಹಿಸಿತು. ಬಸ್ ನಿಲ್ದಾಣದ ಫಲಕವನ್ನು ಓದಿದರೂ ಕನ್ನಡಿಗರ ಕಿವಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ.

ಇನ್ನು ಶಾಲೆಯಲ್ಲಿ ನಮಗೆ ಬೈಗುಳ ತಂದ ‘ತಪ್ಪು’ಗಳು. ‘ಐ ಆ್ಯಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’ ಎಂದದ್ದಕ್ಕೆ (‘ಐ ಹ್ಯಾವ್’ ಎನ್ನಬೇಕಿತ್ತು) ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಇಲ್ಲಿ ಅದೇ ವಾಕ್ಯ ಅಧ್ಯಯನದ ವಸ್ತು. ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷ್ ಲೋಕವನ್ನು ಮೂರು ವೃತ್ತಗಳಾಗಿ ವಿವರಿಸಿದರು: ಅದನ್ನು ತಾಯ್ನುಡಿಯಾಗಿ ಉಳ್ಳ ದೇಶಗಳು ಒಳಗೆ, ಭಾರತದಂತೆ ಆಳ್ವಿಕೆಯ ಮೂಲಕ ಪಡೆದು ತನ್ನದಾಗಿಸಿಕೊಂಡ ದೇಶಗಳು ಅದರ ಸುತ್ತ, ಜರ್ಮನಿಯಂತೆ ಪರಭಾಷೆಯಾಗಿ ಕಲಿಯುವ ದೇಶಗಳು ಹೊರಗೆ. ಆ ನಡುವಿನ ವೃತ್ತದ ಇಂಗ್ಲಿಷ್ ಬಗ್ಗೆ ಇಲ್ಲಿ ಪೂರ್ತಿ ಸೆಮಿಸ್ಟರ್ ಪಾಠ ನಡೆಯುತ್ತದೆ. ಅದರ ಒಂದು ಆಧಾರ ನಮ್ಮ ಪಕ್ಕದ ಕೊಲ್ಹಾಪುರದ್ದು ಎಂದು ತಿಳಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಅಮೆರಿಕದ ಬ್ರೌನ್ ಕಾರ್ಪಸ್ ಎಂಬ ಪಠ್ಯಕೋಶ 1961ರಲ್ಲಿ ಅಚ್ಚಾದ ಬರಹಗಳಿಂದ ತೆಗೆದ 500 ತುಣುಕುಗಳ ಸಂಗ್ರಹ. ಒಂದೊಂದು ತುಣುಕಿನಲ್ಲಿ ಸುಮಾರು 2,000 ಪದ, ಒಟ್ಟು ಹತ್ತು ಲಕ್ಷ. ಅದೇ ಅಳತೆಯಲ್ಲಿ ಬ್ರಿಟಿಷ್ ಇಂಗ್ಲಿಷ್‌ಗೆ ಲ್ಯಾಂಕಾಸ್ಟರ್–ಓಸ್ಲೊ–ಬರ್ಗೆನ್ ಕಾರ್ಪಸ್ ಕಟ್ಟಿದರು. ಭಾರತೀಯ ಇಂಗ್ಲಿಷ್‌ಗೆ, 1978ರ ಬರಹಗಳಿಂದ, ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿಯವರು ಕಟ್ಟಿದ್ದು ಕೊಲ್ಹಾಪುರ ಕಾರ್ಪಸ್. ನನ್ನ ಎರಡನೆಯ ಸೆಮಿಸ್ಟರಿನ ಪ್ರಬಂಧಕ್ಕೆ ‘ಹ್ಯಾವಿಂಗ್’, ‘ನೋಯಿಂಗ್’ ವಾಕ್ಯಗಳನ್ನು ಅದರಲ್ಲಿ ಹುಡುಕಿದೆ. ಅಚ್ಚಾದ ಬರಹದಲ್ಲಿ ಅವು ನಾನು ಎಣಿಸಿದ್ದಕ್ಕಿಂತ ವಿರಳವಾಗಿದ್ದವು. ಬಾಯಿಯ ಇಂಗ್ಲಿಷ್ ಬೇರೆ, ಅಚ್ಚಿನ ಇಂಗ್ಲಿಷ್ ಬೇರೆ. ‘ಭಾರತೀಯರು ಹೀಗೆ ಮಾತನಾಡುತ್ತಾರೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರನ್ನು ನಾನು ಅಂದಿನಿಂದ ನಂಬುವುದಿಲ್ಲ.

ಆದರೆ ಒಂದು ಎಚ್ಚರ. ಅಧ್ಯಯನದ ವಸ್ತುವಾಗಿ ಆ ವಾಕ್ಯಕ್ಕೆ ಮರ್ಯಾದೆ ಇದೆ ಎಂದು ನಿನ್ನ ಪ್ರಬಂಧವನ್ನು ಹೇಗೆ ಬೇಕಾದರೂ ಬರೆಯುವಂತಿಲ್ಲ. ಪ್ರಬಂಧದ ಇಂಗ್ಲಿಷ್ ಬಿಗಿಯಾಗಿರಬೇಕು. ಪ್ರವೇಶಕ್ಕೆ ಸಾಮಾನ್ಯವಾಗಿ ಭಾಷಾ ಸಾಮರ್ಥ್ಯದ ಐರೋಪ್ಯ ಅಳತೆಯಲ್ಲಿ ಸಿ1 ಮಟ್ಟ ಕೇಳುತ್ತಾರೆ, ಅಂದರೆ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 7 ಅಥವಾ ಅದರ ಮೇಲೆ. ಕನ್ನಡ ಮಾಧ್ಯಮದವಳು ಒಂದು ವರ್ಷ ದಿನವೂ ಓದಿ ಬರೆದರೆ ಅದು ಬರುತ್ತದೆ. ನನಗೆ ಎರಡನೆಯ ಸಲಕ್ಕೆ ಬಂತು.

ಓದಿನ ಸ್ವರೂಪವನ್ನು ಹೇಳುತ್ತೇನೆ, ಇಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ನಾಲ್ಕು ಸೆಮಿಸ್ಟರ್, 120 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ದುಡಿಮೆ ಎಂದು ಲೆಕ್ಕ. ವಾರಕ್ಕೆ ತರಗತಿ ಬಹಳ ಕಡಿಮೆ. ಮೊದಲ ವಾರ ವೇಳಾಪಟ್ಟಿ ನೋಡಿ ಇಷ್ಟೇ ಏನು ಎಂದುಕೊಂಡಿದ್ದೆ. ಒಂದೊಂದು ತರಗತಿಗೆ ಮೂವತ್ತು ನಲವತ್ತು ಪುಟ ಓದಿಕೊಂಡು ಹೋಗಬೇಕು, ಓದದೆ ಹೋದವರು ಹತ್ತು ನಿಮಿಷದಲ್ಲಿ ಬಯಲಾಗುತ್ತಾರೆ. ಧ್ವನಿ, ಪದರಚನೆ, ವಾಕ್ಯರಚನೆ, ಅರ್ಥ, ಇತಿಹಾಸ, ಸಮಾಜದೊಂದಿಗೆ ಭಾಷೆಯ ನಂಟು, ಪಠ್ಯಕೋಶಗಳು. ಇವುಗಳ ಜೊತೆ ಸಂಖ್ಯಾಶಾಸ್ತ್ರವೂ ಇದೆ. ಆರ್ ಎಂಬ ತಂತ್ರಾಂಶದಲ್ಲಿ ಲೆಕ್ಕ ಹಾಕಲು ಕಲಿಸುತ್ತಾರೆ. ಗಣಿತವನ್ನು ಹತ್ತನೆಯ ತರಗತಿಯಲ್ಲಿ ಬಿಟ್ಟು ಬಂದವಳಿಗೆ ಅದು ಕಷ್ಟವಾಗುತ್ತದೆ, ಬಿಡಬೇಡ. ಕೆಲಸ ಕೊಡಿಸುವ ವಿಷಯ ಅದೇ.

ಪರೀಕ್ಷೆಗಿಂತ ಪ್ರಬಂಧ ಹೆಚ್ಚು. ಸೆಮಿಸ್ಟರ್ ರಜೆ ಎಂದು ಕರೆಯುವ ಕಾಲವೆಲ್ಲ ಪ್ರಬಂಧ ಬರೆಯುವ ಕಾಲ. ನಾನು ನಮ್ಮ ಪದ್ಧತಿಯಲ್ಲಿ ನೋಟ್ಸ್ ಬಾಯಿಪಾಠ ಮಾಡಿ ಅಂಕ ಪಡೆದವಳು. ಮೊದಲ ಪ್ರಬಂಧದಲ್ಲಿ ಹದಿನೈದು ಪುಟ ತುಂಬ ದೊಡ್ಡವರ ಮಾತುಗಳನ್ನು ಮರ್ಯಾದೆಯಿಂದ ಉದ್ಧರಿಸಿ ಒಪ್ಪಿಸಿದೆ. ಅಧ್ಯಾಪಕರು ತಮ್ಮ ಕೋಣೆಗೆ ಕರೆದು, ‘ಇದರಲ್ಲಿ ನೀವು ಎಲ್ಲಿದ್ದೀರಿ?’ ಎಂದು ಕೇಳಿದರು. ಕೋಪವಿರಲಿಲ್ಲ, ನಿಜವಾಗಿಯೂ ಹುಡುಕುತ್ತಿದ್ದರು. ಆ ಪ್ರಬಂಧವನ್ನು ಮತ್ತೆ ಬರೆದೆ. ಒಂದು ಸಣ್ಣ ಪ್ರಶ್ನೆ, ನೀನೇ ಸಂಗ್ರಹಿಸಿದ ಸಾಮಗ್ರಿ, ನೀನೇ ಮಾಡಿದ ಎಣಿಕೆ, ನೀನೇ ಕಂಡ ಉತ್ತರ, ಹಿಂದೆ ಯಾರು ಏನು ಹೇಳಿದ್ದರು ಎಂಬ ಪ್ರಾಮಾಣಿಕ ಲೆಕ್ಕ, ಇಷ್ಟು ಸಾಕು. ಇನ್ನೊಬ್ಬರ ವಾಕ್ಯವನ್ನು ಹೆಸರು ಹೇಳದೆ ಎತ್ತಿಕೊಂಡರೆ ಇಲ್ಲಿ ಅದು ಕಳ್ಳತನ. ಗೊತ್ತಿರಲಿಲ್ಲ ಎಂದರೆ ಕೇಳುವವರಿಲ್ಲ.

ಈಗ ಅಪ್ಪನ ಪ್ರಶ್ನೆ. ಇಂಗ್ಲಿಷ್ ಓದಲು ಜರ್ಮನಿ ಯಾಕೆ? ಅವರಿಗೆ ಕಿಟೆಲ್ ಹೆಸರು ಹೇಳು. ಜರ್ಮನಿಯಿಂದ ನಮ್ಮಲ್ಲಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನೆಂಡ್ ಕಿಟೆಲ್‌ಗೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಹೊರಗಿನಿಂದ ಬಂದವನು ಕನ್ನಡದ ಒಂದೊಂದು ಪದವನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಇಂಗ್ಲಿಷ್‌ಗೂ ಹೀಗೇ ಆಯಿತು: ಏಳು ಸಂಪುಟಗಳ ಇಂಗ್ಲಿಷ್ ವ್ಯಾಕರಣ ಬರೆದ ಓಟೊ ಯೆಸ್ಪರ್ಸನ್ ಡೆನ್ಮಾರ್ಕಿನವನು. ಇಂಗ್ಲಿಷ್ ಭಾಷಾಧ್ಯಯನಕ್ಕೆಂದು ಜರ್ಮನರು ಆರಂಭಿಸಿದ ‘ಆಂಗ್ಲಿಯಾ’ ಎಂಬ ವಿದ್ವತ್ ಪತ್ರಿಕೆ 1878ರಿಂದ ಬರುತ್ತಿದೆ. ನಾನು ಮೇಲೆ ಹೇಳಿದ ಅಮೆರಿಕ, ಬ್ರಿಟನ್ ಪಠ್ಯಕೋಶಗಳ ಮೂವತ್ತು ವರ್ಷ ನಂತರದ ಜೋಡಿಗಳನ್ನು, 1990ರ ದಶಕದ ಬರಹಗಳಿಂದ ಕಟ್ಟಿದ್ದು ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ. ಮಾತು ಹುಟ್ಟಿನಿಂದ ಬಂದವರಿಗೆ ಅದು ಗಾಳಿಯ ಹಾಗೆ, ಕಾಣಿಸುವುದಿಲ್ಲ. ಕಲಿತು ಪಡೆದವರಿಗೆ ಅದರ ಕೀಲು, ಸಂದು ಕಾಣುತ್ತವೆ. ಇಲ್ಲಿಯ ಸಹಪಾಠಿಗಳಿಗೂ ಇಂಗ್ಲಿಷ್ ತಾಯ್ನುಡಿಯಲ್ಲ. ತರಗತಿಯಲ್ಲಿ ನೀನೊಬ್ಬಳೇ ಹೊರಗಿನವಳಾಗಿರುವುದಿಲ್ಲ.

ಇನ್ನೊಂದು ಲಾಭ ನಾನು ನಿರೀಕ್ಷಿಸದೆ ಸಿಕ್ಕದ್ದು. ಮಂಡಿ ನೋವಿಗೆಂದು ವೈದ್ಯರ ಬಳಿ ಹೋದಾಗ ಅವರು ಮಂಡಿಯನ್ನು ‘ಕ್ನೀ’ ಎಂದರು, ಕಕಾರವನ್ನು ಸ್ಪಷ್ಟವಾಗಿ ಉಚ್ಚರಿಸಿ. ಇಂಗ್ಲಿಷ್‌ನ ‘ನೀ’ (knee) ಪದದಲ್ಲಿ ಬರೆಯುವಾಗ ಇರುವ, ಓದುವಾಗ ಮಾಯವಾಗುವ ಆ ಕಕಾರವನ್ನು ನಾವು ಶಾಲೆಯಲ್ಲಿ ಎಷ್ಟು ಶಪಿಸಿದ್ದೇವೆ! ಹಳೆಯ ಇಂಗ್ಲಿಷ್‌ನಲ್ಲಿ ಅದನ್ನೂ ಉಚ್ಚರಿಸುತ್ತಿದ್ದರು. ಬಾಯಿ ಬಿಟ್ಟುಕೊಟ್ಟಿತು, ಲಿಪಿ ಬಿಡಲಿಲ್ಲ. ಜರ್ಮನ್ ಕಲಿಯುತ್ತ ಹೋದ ಹಾಗೆ ಇಂಗ್ಲಿಷ್‌ನ ಬಾಲ್ಯ ನಿನ್ನ ಎದುರು ತೆರೆದುಕೊಳ್ಳುತ್ತದೆ. ಇದು ಲಂಡನ್ನಿನಲ್ಲಿ ಸಿಗುವ ಸಂಗತಿಯಲ್ಲ.

ಬ್ರಿಟನ್ನಿನಲ್ಲಿ ಇದೇ ಪದವಿ ಒಂದು ವರ್ಷದಲ್ಲಿ ಮುಗಿಯುತ್ತದೆ, ಆದರೆ ಹೊರದೇಶದವರಿಗೆ ಶುಲ್ಕ ವಿಪರೀತ. ಇಲ್ಲಿ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಒಂದು ಸಣ್ಣ ವಂತಿಗೆ ಇರುತ್ತದೆ. ಬಾಡನ್–ವುರ್ಟೆಂಬರ್ಗ್ ರಾಜ್ಯದಲ್ಲಾದರೆ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಾರೆ. ಫ್ರೈಬುರ್ಗ್ ಬರುವುದು ಆ ರಾಜ್ಯದಲ್ಲೇ, ಗಮನದಲ್ಲಿರಲಿ. ದೊಡ್ಡ ಮೊತ್ತ ಬೇಕಾಗುವುದು ವೀಸಾಕ್ಕೆ. ಮುಚ್ಚುಖಾತೆ ಎಂಬ ವಿಶೇಷ ಖಾತೆಯಲ್ಲಿ ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ನಮ್ಮ ಲೆಕ್ಕದಲ್ಲಿ ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸು. ಅದು ಶುಲ್ಕವಲ್ಲ, ನಿನ್ನದೇ ಹಣ. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋದಂತೆ ನಿನ್ನ ಕೈಗೆ ಬರುತ್ತದೆ. ಅಷ್ಟರಲ್ಲಿ ಬಾಡಿಗೆ, ಊಟ, ತಿಂಗಳಿಗೆ 140 ಯೂರೋ ದಾಟುವ ಆರೋಗ್ಯ ವಿಮೆ ಎಲ್ಲ ಆಗಬೇಕು. ದೊಡ್ಡ ಊರಿನಲ್ಲಿ ಸಾಲದು, ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ ಸಾಕಾಗುತ್ತದೆ.

ಓದುತ್ತಲೇ ದುಡಿಯಬಹುದು: ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ದುಡಿದೇ ಎರಡು ವರ್ಷ ತೂಗಿಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕಿ ಬರಬೇಡ. ಮೊದಲ ವರ್ಷ ಜರ್ಮನ್ ಬಾರದವಳಿಗೆ ಸಿಗುವುದು ಪಾತ್ರೆ ತೊಳೆಯುವ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ಆ ಕೆಲಸದಲ್ಲಿ ಅವಮಾನವಿಲ್ಲ, ನಾನೂ ಮಾಡಿದ್ದೇನೆ; ಆದರೆ ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಬೆಳಿಗ್ಗೆ ನಲವತ್ತು ಪುಟ ಓದಲು ಕಣ್ಣು ನಿಲ್ಲುವುದಿಲ್ಲ. ಒಂದು ಎಕರೆ ನೀರಾವರಿ ಜಮೀನು ಅಡವಿಟ್ಟು ಕಳುಹಿಸಲು ಅಪ್ಪ ತಯಾರಿದ್ದಾರೆ ಎಂದು ಬರೆದಿದ್ದೀಯ. ಅದಕ್ಕೆ ಮೊದಲು ನೀನು ಪರಿಶಿಷ್ಟ ಜಾತಿ ಅಥವಾ ಪಂಗಡದವಳಾಗಿದ್ದರೆ ವಿದೇಶದ ಓದಿಗೆ ನೆರವು ಕೊಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸು. ಜರ್ಮನಿಯ ವಿನಿಮಯ ಸಂಸ್ಥೆ ಡಿಎಎಡಿಯ ವಿದ್ಯಾರ್ಥಿವೇತನಗಳನ್ನೂ ನೋಡು. ಪದಕೋಶ ರಚನೆಗೆಂದೇ ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡುಸ್ ಯೋಜನೆಯ ಒಂದು ಸ್ನಾತಕೋತ್ತರ ಪದವಿ ಇದೆ. ಅದರ ವಿದ್ಯಾರ್ಥಿವೇತನ ಸಿಕ್ಕರೆ ಜಮೀನಿನ ಮಾತೇ ಬೇಡ. ಹೈದರಾಬಾದಿನ ಏಜೆಂಟರು ಹಣ ಕೇಳಿದರು ಎಂದಿದ್ದೀಯ. ಕೊಡಬೇಡ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಯಾವ ಏಜೆಂಟನೂ ಬೇಕಿಲ್ಲ. ಅವರು ತೋರಿಸುವ ದುಬಾರಿ ಖಾಸಗಿ ಕಾಲೇಜುಗಳಲ್ಲಿ ನಿನಗೆ ಬೇಕಾದ ವಿಷಯವೇ ಇರುವುದಿಲ್ಲ.

ನಿಜವಾದ ಅಡ್ಡಿ ಬೇರೆ ಇದೆ, ಅದನ್ನು ಏಜೆಂಟರು ಹೇಳುವುದಿಲ್ಲ. ನಮ್ಮ ಬಿ.ಎ. ಐಚ್ಛಿಕ ಇಂಗ್ಲಿಷ್ ಎಂದರೆ ಹೆಚ್ಚಾಗಿ ಸಾಹಿತ್ಯ. ಇಲ್ಲಿನ ಹಲವು ವಿಶ್ವವಿದ್ಯಾಲಯಗಳು ಪದವಿಯಲ್ಲಿ ಇಂತಿಷ್ಟು ಕ್ರೆಡಿಟ್ ಭಾಷಾವಿಜ್ಞಾನವನ್ನೇ ಓದಿರಬೇಕು ಎಂದು ಕೇಳುತ್ತವೆ. ಮೂರು ವರ್ಷದ ಪದವಿಯನ್ನೂ ಎಲ್ಲರೂ ಒಂದೇ ರೀತಿ ನೋಡುವುದಿಲ್ಲ. ಆದ್ದರಿಂದ ನಿನ್ನ ಪಠ್ಯಕ್ರಮದ ಪ್ರತಿಯನ್ನು ಕಾಲೇಜಿನಿಂದ ಮೊಹರು ಹಾಕಿಸಿ ಪಡೆದು, ಇಷ್ಟು ಸಾಕೇ ಎಂದು ಆಯಾ ವಿಭಾಗಕ್ಕೆ ನೇರವಾಗಿ ಪತ್ರ ಬರೆ. ಅವರು ಉತ್ತರ ಕೊಡುತ್ತಾರೆ. ಸಾಲದು ಎಂದರೆ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಜಾಲತಾಣದಲ್ಲಿ ಭಾಷಾವಿಜ್ಞಾನದ ಪಾಠಗಳನ್ನು ಪರೀಕ್ಷೆ ಸಮೇತ ಮುಗಿಸು. ಇನ್ನೂ ಗಟ್ಟಿಯಾದ ದಾರಿ ಹೈದರಾಬಾದಿನ ಇಫ್ಲು, ಅಂದರೆ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. 1958ರಲ್ಲಿ ಶುರುವಾದ ಆ ಸಂಸ್ಥೆ ನಮ್ಮ ಕಡೆಯವರಿಗೆ ಒಂದು ರಾತ್ರಿಯ ಬಸ್ಸಿನ ದೂರ. ಅಲ್ಲಿ ಭಾಷಾವಿಜ್ಞಾನದ ಎಂ.ಎ. ಮಾಡಿ ಆಮೇಲೆ ಇಲ್ಲಿಗೆ ನೇರ ಸಂಶೋಧನೆಗೆ ಬರುವುದು ನಿನ್ನಂಥವಳಿಗೆ ಹೆಚ್ಚು ಒಳ್ಳೆಯದು ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ನಾನು ಕಲಬುರಗಿಯಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಬಂದೆ, ಹಾಗಾಗಿ ಮೊದಲ ವರ್ಷವೆಲ್ಲ ಅಡಿಪಾಯ ಹಾಕಿಕೊಳ್ಳುವುದರಲ್ಲೇ ಹೋಯಿತು. ಇದನ್ನು ಅಪ್ಪನ ಜೊತೆ ಕೂತು ಯೋಚಿಸು. ಇಲ್ಲಿಗೇ ಬರುವುದಾದರೆ ಚಳಿಗಾಲದ ಸೆಮಿಸ್ಟರಿನ ಅರ್ಜಿಗಳು ಬಹಳ ಕಡೆ ಜುಲೈ 15ಕ್ಕೆ ಮುಗಿಯುತ್ತವೆ, ಕೆಲವು ಕಡೆ ಇನ್ನೂ ಬೇಗ. ಭಾರತದ ಅಭ್ಯರ್ಥಿಗಳಿಗೆ 2022ರ ನವೆಂಬರ್‌ನಿಂದ, ನಮ್ಮ ಅಂಕಪಟ್ಟಿ, ಪದವಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ಅದನ್ನು ಎಲ್ಲಕ್ಕಿಂತ ಮೊದಲು ಮಾಡಿಸು.

ಕೆಲಸದ ವಿಷಯದಲ್ಲಿ ಸಿಹಿ ಮಾತು ಆಡಲಾರೆ. ಈ ಪದವಿ ಪಡೆದವರಿಗೆಂದೇ ಯಾವ ಹುದ್ದೆಯೂ ಕಾಯುತ್ತಿರುವುದಿಲ್ಲ. ಇಲ್ಲಿ ಸರ್ಕಾರಿ ಶಾಲೆಯ ಶಿಕ್ಷಕಿಯಾಗಲು ಎರಡು ಬೋಧನಾ ವಿಷಯ, ಆಮೇಲೆ ಸರ್ಕಾರದ ತರಬೇತಿ ಬೇಕು. ಬರಿಯ ಈ ಎಂ.ಎ. ಸಾಲದು. ಮುಗಿಸಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಅನುಮತಿ ಸಿಗುತ್ತದೆ. ಅಷ್ಟರೊಳಗೆ ಜರ್ಮನ್ ಬಿ2 ಮಟ್ಟಕ್ಕಾದರೂ ಬಂದಿರಬೇಕು. ತರಗತಿಗಳೆಲ್ಲ ಇಂಗ್ಲಿಷ್‌ನಲ್ಲಿ ನಡೆಯುವುದರಿಂದ ಜರ್ಮನ್ ಕಲಿಯದೆ ಎರಡು ವರ್ಷ ಕಳೆದುಬಿಡುವವರನ್ನು ನೋಡಿ ನನಗೆ ಸಂಕಟವಾಗುತ್ತದೆ. ನಾನು ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಕೈಪಿಡಿಗಳ ಇಂಗ್ಲಿಷ್ ನೋಡಿಕೊಳ್ಳುತ್ತೇನೆ. ಆ ಕೈಪಿಡಿಗಳನ್ನು ಓದುವವರಲ್ಲಿ ಹೆಚ್ಚಿನವರ ತಾಯ್ನುಡಿ ಇಂಗ್ಲಿಷ್ ಅಲ್ಲ. ಒಂದು ಕೀಲಿಗೆ ಪುಸ್ತಕವಿಡೀ ಒಂದೇ ಹೆಸರಿರಬೇಕು, ಒಂದು ವಾಕ್ಯಕ್ಕೆ ಎರಡು ಅರ್ಥ ಬರಬಾರದು; ಬಂದರೆ ಎಲ್ಲೋ ಒಬ್ಬ ಕಾರ್ಮಿಕನ ಬೆರಳು ಹೋಗುತ್ತದೆ. ವಾಕ್ಯರಚನೆ, ಅರ್ಥವಿಜ್ಞಾನ ಓದಿದ್ದು ನನಗೆ ದಿನವೂ ಉಪಯೋಗಕ್ಕೆ ಬರುವುದು ಹೀಗೆ. ನನ್ನ ಜೊತೆ ಓದಿದವರಲ್ಲಿ ಒಬ್ಬಳು ನಿಘಂಟು ಪ್ರಕಾಶನದಲ್ಲಿದ್ದಾಳೆ, ಒಬ್ಬ ಮಾತನ್ನು ಗುರುತಿಸುವ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಾನೆ, ಇನ್ನೊಬ್ಬಳು ಪಿಎಚ್.ಡಿ. ಮುಗಿಸಿ ವರ್ಷ ವರ್ಷಕ್ಕೆ ಒಪ್ಪಂದ ನವೀಕರಿಸಿಕೊಳ್ಳುತ್ತ ವಿಶ್ವವಿದ್ಯಾಲಯದಲ್ಲೇ ಇದ್ದಾಳೆ.

ಉಳಿದದ್ದು ಬೇಗ ಹೇಳುತ್ತೇನೆ. ಪ್ರವೇಶ ಸಿಕ್ಕ ದಿನವೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕು. ನೋಡದೆ ಯಾವ ಕೋಣೆಗೂ ಮುಂಗಡ ಕಳುಹಿಸಬೇಡ. ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಜೋಳದ ಹಿಟ್ಟು ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಗುರೆಳ್ಳು ಪುಡಿಯನ್ನು ಮನೆಯಿಂದ ತಾ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾಗುತ್ತದೆ. ಎಳ್ಳಮಾವಾಸ್ಯೆಯ ದಿನ ಮನೆಯವರು ಹೊಲದಲ್ಲಿ ಚರಗ ಚೆಲ್ಲಿದ್ದನ್ನು ಫೋನಿನಲ್ಲಿ ಕೇಳುತ್ತ ಮೊದಲ ವರ್ಷ ನಾನು ಬಹಳ ಅತ್ತೆ. ಎರಡನೆಯ ವರ್ಷ ಸಹಪಾಠಿಗಳನ್ನು ಕರೆದು ಸಜ್ಜೆ ರೊಟ್ಟಿ ಬಡಿದು ಉಣ್ಣಿಸಿದೆ.

ಬರುವ ಮೊದಲು ನಿನಗೊಂದು ಕೆಲಸ. ಪ್ರಾಟ್ ಎಂಬ ತಂತ್ರಾಂಶವನ್ನು ಇಳಿಸಿಕೊ. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ಧ್ವನಿಯನ್ನು ಚಿತ್ರವಾಗಿ ತೋರಿಸುತ್ತದೆ. ನಿನ್ನ ಶಾಲೆಯ ಮಕ್ಕಳು ಇಂಗ್ಲಿಷ್ ಓದುವುದನ್ನು ತಂದೆತಾಯಿಯರ ಒಪ್ಪಿಗೆ ಪಡೆದು ದಾಖಲಿಸಿ ನೋಡು. ಎಗ್ ಎನ್ನುವಾಗ ಯಾರು ಯೆಗ್ ಎನ್ನುತ್ತಾರೆ, ಓನ್ಲಿ ಎನ್ನುವಾಗ ಯಾರು ವೋನ್ಲಿ ಎನ್ನುತ್ತಾರೆ? ಮನೆಯಲ್ಲಿ ಕನ್ನಡ ಮಾತನಾಡುವ ಮಗು, ತೆಲುಗಿನ ಮಗು, ಉರ್ದುವಿನ ಮಗು ಮೂವರೂ ಒಂದೇ ರೀತಿ ಹೇಳುತ್ತಾರೆಯೇ? ನಮ್ಮಂಥದ್ದೇ ಗಡಿಸೀಮೆಯಾದ ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ಒಂದರೊಳಗೊಂದು ಬೆರೆತು ಒಂದೇ ಅಚ್ಚಿನ ವಾಕ್ಯಗಳನ್ನು ಮಾಡಿಕೊಂಡಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ತೋರಿಸಿದ್ದರು; ಅದನ್ನು ಈ ವಿಷಯದ ವಿದ್ಯಾರ್ಥಿಗಳು ಲೋಕವೆಲ್ಲ ಓದುತ್ತಾರೆ. ನಿನ್ನ ಜಿಲ್ಲೆಯ ಗವಿಮಠ, ಪಾಲ್ಕಿಗುಂಡು, ನನ್ನ ಅಜ್ಜಿಯ ಊರಿನ ಹತ್ತಿರದ ಮಸ್ಕಿ. ಅಲ್ಲಿನ ಬಂಡೆಗಳ ಮೇಲೆ ಅಶೋಕನ ಆಜ್ಞೆ ಇರುವುದು ಪ್ರಾಕೃತದಲ್ಲಿ. ಸುತ್ತಲಿನ ಜನರ ಮನೆಮಾತಲ್ಲದ ಭಾಷೆಯಲ್ಲಿ ಅಧಿಕಾರ ಮಾತನಾಡುವುದು ನಮ್ಮ ನೆಲಕ್ಕೆ ಎರಡು ಸಾವಿರ ವರ್ಷ ಹಳೆಯ ಸಂಗತಿ. ಇಂಗ್ಲಿಷ್ ಅದರ ಇತ್ತೀಚಿನ ಅಧ್ಯಾಯ. ಅರ್ಜಿಯ ಜೊತೆ ನೀನು ಬರೆಯಬೇಕಾದ ಉದ್ದೇಶಪತ್ರದಲ್ಲಿ ‘ನನಗೆ ಇಂಗ್ಲಿಷ್ ಎಂದರೆ ಚಿಕ್ಕಂದಿನಿಂದ ಇಷ್ಟ’ ಎಂದು ಬರೆಯುವ ಬದಲು ಆ ಮಕ್ಕಳ ‘ಯೆಗ್’ ಬಗ್ಗೆ ಬರೆ.

ಪಠ್ಯಕ್ರಮದ ಪ್ರತಿ, ಅಂಕಪಟ್ಟಿ, ಆ ಉದ್ದೇಶಪತ್ರದ ಮೊದಲ ಕರಡು ಇವನ್ನು ನನಗೆ ಕಳುಹಿಸು. ಭಾನುವಾರ ನಿಮ್ಮಲ್ಲಿ ಸಂಜೆ ಆರರ ಮೇಲೆ ಕರೆ ಮಾಡು, ಆಗ ನನಗೆ ಮಧ್ಯಾಹ್ನ, ಬಿಡುವಿರುತ್ತದೆ. ಅಪ್ಪನನ್ನೂ ಹತ್ತಿರ ಕೂರಿಸಿಕೊ. ಜಮೀನಿನ ಮಾತನ್ನು ನಾನು ಅವರ ಜೊತೆಯೇ ಆಡಬೇಕು.